ಅಗ್ಗದ ತಂತಿ

ಪಿಟೀಲು ನಮ್ಮ ದೇಶಕ್ಕೆ ಹೇಗೆ ಬಂತು ಎಂಬುದನ್ನು ಬಲ್ಲವರು ಬೇಕಾದಷ್ಟು ಜನ ಬರೆದಿದ್ದಾರೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಹತ್ತಿರದ ಮಣಲಿಯಲ್ಲಿದ್ದಾಗ ಯುರೋಪಿನ ವಾದಕನೊಬ್ಬನಿಂದ ಅದನ್ನು ಕಲಿತದ್ದು, ತಂಜಾವೂರಿನ ನಾಲ್ವರು ಸಹೋದರರಲ್ಲಿ ಒಬ್ಬನಾದ ವಡಿವೇಲುವಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲು ಕೊಟ್ಟು ಮನ್ನಿಸಿದ್ದು, ನಿಂತು ಗದ್ದಕ್ಕೆ ಒತ್ತಿಕೊಂಡು ನುಡಿಸುವ ಆ ವಾದ್ಯವನ್ನು ನಮ್ಮವರು ಚಕ್ಕಂಬಕ್ಕಳ ಹಾಕಿ ಕುಳಿತು ಎದೆಗೂ ಕಾಲಿನ ಹರಡಿಗೂ ನಡುವೆ ಇಟ್ಟುಕೊಂಡು ನುಡಿಸತೊಡಗಿದ್ದು, ಎಲ್ಲವೂ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಆ ಪಿಟೀಲಿನ ಮೇಲೆ ಎಂಥ ತಂತಿ ಇತ್ತು, ಅದು ಕಿತ್ತುಹೋದರೆ ಇನ್ನೊಂದನ್ನು ಎಲ್ಲಿಂದ ತರುತ್ತಿದ್ದರು, ಅದಕ್ಕೆ ದುಡ್ಡು ಯಾರು ಕೊಡುತ್ತಿದ್ದರು ಎಂದು ಕೇಳಿದರೆ ಪುಸ್ತಕಗಳು ಸುಮ್ಮನಾಗಿಬಿಡುತ್ತವೆ. ದಂತದ ಪಿಟೀಲು ಚರಿತ್ರೆಯಲ್ಲಿ ಉಳಿಯುತ್ತದೆ, ಅದರ ತಂತಿ ಉಳಿಯುವುದಿಲ್ಲ. ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಹೇಳಿದ ನನಗೆ ಇದೇನೂ ಹೊಸದಲ್ಲ. ಅರಮನೆಯ ಕಂಬ ಎಷ್ಟು ಎಂದು ಪಠ್ಯದಲ್ಲಿ ಬರೆದಿರುತ್ತದೆ. ಅಡುಗೆಮನೆಗೆ ಸೌದೆ ಎಲ್ಲಿಂದ ಬರುತ್ತಿತ್ತು ಎಂದು ಬರೆದಿರುವುದಿಲ್ಲ.

ತಂತಿಯ ವಿಚಾರ ನನಗೆ ಗಂಟುಬಿದ್ದದ್ದು ಚರಿತ್ರೆಯ ಮೇಲಿನ ಪ್ರೀತಿಯಿಂದ ಅಲ್ಲ, ಖರ್ಚಿನಿಂದ. ನಾನಿರುವುದು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ. ಪಿಟೀಲು ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಇಲ್ಲಿಯ ತಿರುಮಕೂಡಲಿನಲ್ಲೇ. ಆ ಪುಣ್ಯವೋ ಏನೋ, ಸಂಜೆ ಹೊತ್ತು ನಾಲ್ಕೈದು ಮಕ್ಕಳು ನನ್ನ ಮನೆಗೆ ಪಿಟೀಲು ಕಲಿಯಲು ಬರುತ್ತಾರೆ. ಪಾಠಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಪಿಟೀಲನ್ನು ಹೇಗೋ ಹೊಂದಿಸಬಹುದು. ಯಾರದೋ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ್ದು ಒಂದು ಇರುತ್ತದೆ, ಇಲ್ಲವೆ ಉತ್ತರ ಪ್ರದೇಶದ ರಾಂಪುರದಲ್ಲಿ ಮಾಡಿದ್ದು ಕಡಿಮೆ ಬೆಲೆಗೆ ಸಿಗುತ್ತದೆ. ವಾದ್ಯ ಒಂದು ಸಲದ ಖರ್ಚು. ತಂತಿ ಹಾಗಲ್ಲ, ಅದು ಮನೆಗೆ ಹಾಲು ತಂದ ಹಾಗೆ, ಮುಗಿಯಿತು ಎನ್ನುವುದೇ ಇಲ್ಲ.

ಮೊದಲ ಪಿಟೀಲುಗಳ ಮೇಲೆ ಇದ್ದದ್ದು ಕರುಳು. ಇಂಗ್ಲಿಷಿನಲ್ಲಿ ಅದನ್ನು ಬೆಕ್ಕಿನ ಕರುಳು ಎಂದು ಕರೆಯುವ ರೂಢಿ ಬಿದ್ದಿದೆಯಾದರೂ ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ, ಅದು ಕುರಿಯ ಸಣ್ಣ ಕರುಳು. ಕರುಳನ್ನು ತೊಳೆದು, ಕ್ಷಾರದ ನೀರಿನಲ್ಲಿ ನೆನೆಹಾಕಿ, ಕೊಬ್ಬು ಮಾಂಸವೆಲ್ಲ ಹೋಗುವಂತೆ ಕೆರೆದು, ಎಳೆ ಎಳೆಯಾಗಿ ಸೀಳಿ, ಹಸಿಯಿರುವಾಗಲೇ ಹಲವು ಎಳೆ ಸೇರಿಸಿ ಹುರಿಮಾಡಿ, ಬಿಗಿಯಾಗಿ ಕಟ್ಟಿ ಒಣಗಿಸಿ, ಕೊನೆಗೆ ಉಜ್ಜಿ ನಯಮಾಡುತ್ತಿದ್ದರು. ಇಟಲಿಯ ರೋಮ್, ನೇಪಲ್ಸ್ ಪಟ್ಟಣಗಳೂ ಅಬ್ರುಝೊ ಬೆಟ್ಟಸೀಮೆಯ ಸಾಲೆ ಎಂಬ ಊರೂ ಈ ಕಸುಬಿಗೆ ಹೆಸರಾಗಿದ್ದವು. ಸಣ್ಣ ಸ್ವರದ ತಂತಿಗೆ ಕರುಳು ಸೊಗಸು. ಮಂದ್ರಕ್ಕೆ ಬೇಕೆಂದರೆ ಹಗ್ಗದಷ್ಟು ದಪ್ಪ ಮಾಡಬೇಕು, ಅದು ಗೊರಗೊರ ಎನ್ನುತ್ತದೆ. 1660ರ ದಶಕದಲ್ಲಿ ಯಾರೋ ಪುಣ್ಯಾತ್ಮರು ಕರುಳಿನ ಮೇಲೆ ಸಣ್ಣ ಲೋಹದ ತಂತಿಯನ್ನು ಒತ್ತಾಗಿ ಸುತ್ತಿ ನೋಡಿದರು. ತೂಕ ಬಂತು, ದಪ್ಪ ಬರಲಿಲ್ಲ. ಲಂಡನ್ನಿನ ಜಾನ್ ಪ್ಲೇಫರ್ಡ್ ಎಂಬ ಪ್ರಕಾಶಕ 1664ರಲ್ಲಿ ಈ ಹೊಸ ಬಗೆಯ ತಂತಿಯ ವಿಷಯವನ್ನು ಪ್ರಕಟಿಸಿದ್ದಾನೆ. ಇಂದಿಗೂ ನಮ್ಮ ಮಕ್ಕಳ ಪಿಟೀಲಿನ ಮಂದ್ರ ಷಡ್ಜದ ತಂತಿ ಸುತ್ತು ಹಾಕಿದ್ದೇ.

ಕರುಳಿನ ತಂತಿಗೆ ಒಂದು ದೊಡ್ಡ ರೋಗ ಇತ್ತು, ಗಾಳಿಯ ತೇವವನ್ನು ಕುಡಿಯುವುದು. ತೇವ ಕುಡಿದರೆ ಉಬ್ಬುತ್ತದೆ, ಶ್ರುತಿ ಜಾರುತ್ತದೆ, ಬೆವರಿನ ಕೈಯಲ್ಲಿ ಎಳೆ ಬಿಚ್ಚಿಕೊಳ್ಳುತ್ತದೆ. ಯುರೋಪಿನ ಚಳಿಯಲ್ಲೇ ಅದನ್ನು ಸಂಭಾಳಿಸುವುದು ಕಷ್ಟ ಎಂದಮೇಲೆ ನಮ್ಮ ಕರಾವಳಿಯ ಸೆಕೆ, ಮಲೆನಾಡಿನ ಜಡಿಮಳೆಯಲ್ಲಿ ಅದರ ಪಾಡೇನು! ಮೈಸೂರಿನ ನಮ್ಮ ಮೇಷ್ಟ್ರು ಹೇಳುತ್ತಿದ್ದರು: ಅವರ ಗುರುಗಳು ಕರುಳಿನ ತಂತಿಯನ್ನು ನುಡಿಸಿದವರಂತೆ, ಕಛೇರಿಗೆ ಹೋಗುವಾಗ ಜುಬ್ಬದ ಜೇಬಿನಲ್ಲಿ ಎರಡು ತಂತಿ ಇಟ್ಟುಕೊಂಡೇ ಹೋಗುತ್ತಿದ್ದರಂತೆ. ಅದು ಕುರಿಯ ಕರುಳು ಎಂಬುದು ಮನೆಯ ಹಿರಿಯರಿಗೆ ಗೊತ್ತಿತ್ತೇ ಎಂದು ನಾನು ಕೇಳಿದ್ದೆ. "ಗೊತ್ತಿದ್ರೂ ಗೊತ್ತಿಲ್ಲ ಅಂತಿದ್ರಮ್ಮ. ಮೃದಂಗಕ್ಕೆ ಚರ್ಮ ಇಲ್ವೇ?" ಎಂದು ನಕ್ಕಿದ್ದರು.

ಉಕ್ಕಿನ ತಂತಿಯ ಕಥೆ ಬೇರೆ ದಿಕ್ಕಿನಿಂದ ಬರುತ್ತದೆ. ನನ್ನ ವಯಸ್ಸಿನವರಿಗೆ 'ತಂತಿ' ಎಂದರೆ ಮೊದಲು ನೆನಪಾಗುವುದು ವೀಣೆಯದಲ್ಲ, ಅಂಚೆ ಕಚೇರಿಯದು. ತಂತಿ ಬಂತು ಎಂದರೆ ಓದುವ ಮೊದಲೇ ಮನೆಯ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. 2013ರ ಜುಲೈಯಲ್ಲಿ ಆ ಸೇವೆ ನಿಂತುಹೋಯಿತು. ಈಗಿನ ಮಕ್ಕಳಿಗೆ ಆ ಅರ್ಥವನ್ನು ವಿವರಿಸಿ ಹೇಳಬೇಕು. ಈ ಎರಡು ತಂತಿಗಳೂ ಒಂದು ಕಡೆ ಕೂಡುತ್ತವೆ ಎಂಬುದು ನನಗೆ ಬಹಳ ತಡವಾಗಿ ತಿಳಿದ ಸಂಗತಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆಯ ವೆಬ್‌ಸ್ಟರ್ ಅಂಡ್ ಹಾರ್ಸ್‌ಫಾಲ್ ಎಂಬ ಕಾರ್ಖಾನೆ ಪಿಯಾನೋಗಳಿಗೆ ಗಟ್ಟಿ ಉಕ್ಕಿನ ತಂತಿ ಎಳೆದು ಹೆಸರು ಮಾಡಿತ್ತು. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ಲು ಹಾಸಿದಾಗ ಅದರ ಮೈಗೆ ಕವಚವಾಗಿ ಸುತ್ತಿದ್ದು ಅದೇ ಕಾರ್ಖಾನೆಯ ಉಕ್ಕಿನ ತಂತಿ. ಎಳೆದರೆ ತುಂಡಾಗದ, ಕೂದಲಷ್ಟು ಸಣ್ಣದಾದರೂ ಕಿಲೋಗಟ್ಟಲೆ ಭಾರ ತಡೆಯುವ ಉಕ್ಕು ಹೀಗೆ ಕಾರ್ಖಾನೆಯ ಸರಕಾಯಿತು. ಕಾರ್ಖಾನೆಯ ಸರಕಾದ್ದರಿಂದ ಅಗ್ಗವಾಯಿತು.

ಆದರೂ ಪಿಟೀಲಿನವರು ಅದನ್ನು ಕೂಡಲೇ ಒಪ್ಪಲಿಲ್ಲ. ಅದರ ದನಿ ಕೀರಲು, ಬೆರಳಿಗೆ ಕಟು ಎಂಬ ದೂರು. ಅವರನ್ನು ಬಗ್ಗಿಸಿದ್ದು ಯುದ್ಧ. 1914ರಿಂದ 1918ರವರೆಗಿನ ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಮೈ ಹೊಲಿಯಲು ವೈದ್ಯರಿಗೆ ಬೇಕಾಗಿದ್ದ ದಾರವೂ ಇದೇ ಕುರಿಯ ಕರುಳು. ಲಿಸ್ಟರ್ ಎಂಬ ಶಸ್ತ್ರವೈದ್ಯ ಅದನ್ನು ಶುದ್ಧಮಾಡಿ ಬಳಸುವ ಕ್ರಮವನ್ನು ಹತ್ತೊಂಬತ್ತನೇ ಶತಮಾನದಲ್ಲೇ ತೋರಿಸಿಕೊಟ್ಟಿದ್ದ. ಆಸ್ಪತ್ರೆಗೆ ಹೋಗಿ ಉಳಿದದ್ದು ಸಂಗೀತಕ್ಕೆ ಎಂದಾಯಿತು. ಎಲ್ಲಕ್ಕಿಂತ ಬೇಗ ಕಿತ್ತುಹೋಗುವುದು ಮೊದಲನೆಯ ಸಣ್ಣ ತಂತಿ. ಆ ಜಾಗಕ್ಕೆ ಉಕ್ಕು ಬಂದು ಕುಳಿತಿತು, ಮತ್ತೆ ಏಳಲಿಲ್ಲ. 1919ರಲ್ಲಿ ವಿಯೆನ್ನಾದಲ್ಲಿ ಥೊಮಾಸ್ಟಿಕ್ ಮತ್ತು ಇನ್‌ಫೆಲ್ಡ್ ಎಂಬಿಬ್ಬರು ಕಂಪನಿ ತೆರೆದು ಉಳಿದ ತಂತಿಗಳ ಒಡಲಿಗೂ ಉಕ್ಕನ್ನೇ ಹಾಕಿದರು. ಅದೇ ಕಂಪನಿ 1970ರಲ್ಲಿ ನೈಲಾನಿನ ಜಾತಿಯ ಎಳೆಯ ಒಡಲಿನ ಡಾಮಿನೆಂಟ್ ತಂತಿಯನ್ನು ತಂದಿತು. ಕರುಳಿನ ಮೆದುದನಿ, ಉಕ್ಕಿನ ಸ್ಥಿರತೆ ಎರಡೂ ಇರುವುದರಿಂದ ಅದು ಲೋಕವನ್ನೇ ಗೆದ್ದಿತು. ನಮ್ಮ ಕಛೇರಿಯ ವಿದ್ವಾಂಸರಲ್ಲೂ ಅದನ್ನು ಮೆಚ್ಚಿದವರು ಅನೇಕರು. ಬೆಲೆ ಮಾತ್ರ ಸೆಟ್ಟಿಗೆ ಸಾವಿರಗಳ ಲೆಕ್ಕ.

ನಾನು ಮೈಸೂರಿನಲ್ಲಿ ಕಲಿಯುತ್ತಿದ್ದುದು 1980ರ ದಶಕದಲ್ಲಿ. ವಿದೇಶದ ಸಾಮಾನಿಗೆ ಲೈಸೆನ್ಸು, ಸುಂಕ ಎಂದು ನೂರೆಂಟು ಕಟ್ಟುಪಾಡು ಇದ್ದ ಕಾಲ. 1991ರ ನಂತರ ಅವೆಲ್ಲ ಸಡಿಲವಾದವು. ಮೊದಲಿನ ದಿನಗಳಲ್ಲಿ ಯಾರ ಮಗನಾದರೂ ಜರ್ಮನಿಗೋ ಅಮೆರಿಕಕ್ಕೋ ಹೋಗಿದ್ದಾನೆಂದರೆ ಪಿಟೀಲಿನವರು ಅವರ ಮನೆಗೆ ಒಂದೆರಡು ಸಲ ಹೋಗಿ ಕ್ಷೇಮ ವಿಚಾರಿಸಿ ಬರುತ್ತಿದ್ದರು. ನಮ್ಮ ಮೇಷ್ಟ್ರಿಗೆ ಅಂಥ ಪರಿಚಯಗಳಿರಲಿಲ್ಲ, ಇದ್ದಿದ್ದರೂ ಕೇಳುವ ಸ್ವಭಾವ ಅಲ್ಲ. ಅವರು ವೀಣೆಗೆ ಹಾಕುವ ಬರಿ ಉಕ್ಕಿನ ತಂತಿಯ ಸುರುಳಿ ತರುತ್ತಿದ್ದರು. ಅದನ್ನು ಬೇಕಾದಷ್ಟು ಉದ್ದ ಕತ್ತರಿಸಿ, ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ ತಿರುಚಿ ಕುಣಿಕೆ ಮಾಡಿ, ಮೊದಲ ಎರಡು ತಂತಿಗಳಿಗೆ ಹಾಕುತ್ತಿದ್ದರು. ಕೆಳಗಿನ ಎರಡು ಮಾತ್ರ ಅಂಗಡಿಯ ಸುತ್ತಿನ ತಂತಿ. ಅವನ್ನು ಎರಡು ವರ್ಷವಾದರೂ ಎಳೆಸುತ್ತಿದ್ದರು. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ರಾಳದ ಪುಡಿ ಒರೆಸದೆ ಪೆಟ್ಟಿಗೆ ಮುಚ್ಚಿದರೆ ಬೈಗುಳ ಖಂಡಿತ. "ತಂತಿ ತುಕ್ಕು ಹಿಡಿಯೋದು ಮಳೆಯಿಂದಲ್ಲ, ಸೋಮಾರಿತನದಿಂದ" ಎನ್ನುತ್ತಿದ್ದರು.

ಬಡತನದ ಉಪಾಯ ಎಂದು ಆಗ ನಾವು ಅಂದುಕೊಂಡಿದ್ದೆವು. ಅದರ ಹಿಂದೆ ಲೆಕ್ಕವೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಈ ಊರಿನಲ್ಲಿದ್ದು ಚೌಡಯ್ಯನವರ ಏಳು ತಂತಿಯ ಮಾತೆತ್ತದೆ ಮುಂದೆ ಹೋದರೆ ತಪ್ಪಾದೀತು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಕಠಿಣ ಶಿಕ್ಷೆಯಲ್ಲಿ ಬೆಳೆದ ಚೌಡಯ್ಯನವರು ಹೆಸರು ಮಾಡಿದ ಕಾಲದಲ್ಲಿ ಸಭೆಗಳಲ್ಲಿ ಧ್ವನಿವರ್ಧಕ ಇರಲಿಲ್ಲ. ಹಿಂದೆ ಕುಳಿತವರಿಗೆ ಪಿಟೀಲು ಕೇಳುತ್ತಿರಲಿಲ್ಲ. 1920ರ ದಶಕದಲ್ಲಿ ಅವರು ನಾಲ್ಕು ತಂತಿಯ ಜೊತೆಗೆ ಇನ್ನೂ ಮೂರು ಸೇರಿಸಿದರು. ಮೇಲಿನ ಮೂರು ತಂತಿಗಳಿಗೆ ಒಂದೊಂದು ಸ್ಥಾಯಿ ಕೆಳಗಿನ ಜೊತೆತಂತಿ. ಒಂದೇ ಕಮಾನು, ಒಂದೇ ಬೆರಳು, ಎರಡು ಸ್ಥಾಯಿ ಒಟ್ಟಿಗೆ. ಮದರಾಸಿನ ಸಂಗೀತ ಕಲಾನಿಧಿ ಬಿರುದು ಅವರಿಗೆ ಬಂದದ್ದು 1957ರಲ್ಲಿ, ಕಾಲವಾದದ್ದು 1967ರಲ್ಲಿ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಸ್ಮಾರಕ ಭವನ 1980ರಲ್ಲಿ ತೆರೆಯಿತು. ಆದರೆ ಏಳು ತಂತಿ ಮನೆಮನೆಯ ಮಾತಾಗಲಿಲ್ಲ. ಆರ್. ಆರ್. ಕೇಶವಮೂರ್ತಿಯವರಂಥ ಕೆಲವರು ಹಿಡಿದು ನುಡಿಸಿದರು, ಅಷ್ಟೆ. ಮೈಕು ಬಂದು ಅದರ ಅಗತ್ಯ ತಪ್ಪಿಸಿತು ಎನ್ನುತ್ತಾರೆ. ನಿಜವಿರಬಹುದು. ತಂತಿ ಕೊಳ್ಳುವವಳಾಗಿ ನನಗೆ ಇನ್ನೊಂದೂ ಕಾಣುತ್ತದೆ. ನಾಲ್ಕು ತಂತಿಯ ಎಳೆತವೇ ಒಟ್ಟು ಇಪ್ಪತ್ತು ಕಿಲೋ ದಾಟುತ್ತದೆ, ಏಳಾದರೆ ಆ ತೆಳು ಹಲಗೆ ಎಷ್ಟು ಹೊರಬೇಕು! ಮತ್ತೆ ಅಷ್ಟನ್ನೂ ಕೊಳ್ಳುವ ಶಿಷ್ಯ ಎಲ್ಲಿ? ಅರಮನೆಯ ಆಶ್ರಯವಿದ್ದ ವಿದ್ವಾಂಸರಿಗೆ ಅದು ಸರಿ. ಪಿಟೀಲು ನುಡಿಸಬಲ್ಲ ನಾಲ್ವಡಿ ಕೃಷ್ಣರಾಜ ಒಡೆಯರೇ ದೊರೆಯಾಗಿದ್ದ ಮೈಸೂರಿನಲ್ಲೂ ಸರಳೆ ವರಸೆ ಬಾರಿಸುವ ಹುಡುಗನಿಗೆ ತಂತಿ ಕೊಡಿಸುವವರು ಅವನ ಅಪ್ಪ ಅಮ್ಮನೇ.

ಹೀಗೆ ಅಪ್ಪ ಅಮ್ಮನ ಜೇಬಿಗೆ ಬಂದೆ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗಿ. ಕಿವಿ ಬಹಳ ಶುದ್ಧ. ಪಕ್ಕದವಳ ಪಂಚಮ ಒಂದು ಕೂದಲಷ್ಟು ಇಳಿದಿದ್ದರೂ ಅವಳ ಮುಖ ಹುಳ್ಳಗಾಗುತ್ತದೆ. ಅಪ್ಪ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೆಲಸಗಾರ. ಜೂನಿಯರ್ ಪರೀಕ್ಷೆಗೆ ಕಟ್ಟಿಸಿದ್ದೆ. ಎರಡು ತಿಂಗಳಿರುವಾಗ ಮೊದಲನೆಯ ತಂತಿ ಕಿತ್ತಿತು, ಉಳಿದವೂ ತುಕ್ಕು ಹಿಡಿದು ಬೆರಳು ಕಪ್ಪಾಗುತ್ತಿತ್ತು. ಅಪ್ಪ ಮೈಸೂರಿಗೆ ಹೋಗಿ ವಾದ್ಯದ ಅಂಗಡಿಯಲ್ಲಿ ಕೇಳಿದರು. ಬಿಡಿ ತಂತಿ ಮಾರುವುದಿಲ್ಲ, ಸೆಟ್ಟೇ ಕೊಳ್ಳಬೇಕು, ಅಗ್ಗದ್ದು ಹಾಕಿದರೆ ಮಗುವಿನ ಕಿವಿ ಕೆಟ್ಟುಹೋಗುತ್ತದೆ ಎಂದು ಅಂಗಡಿಯವರು ಸಾವಿರಗಳ ಲೆಕ್ಕದ ವಿಯೆನ್ನಾ ತಂತಿ ತೋರಿಸಿದರಂತೆ. ಮನುಷ್ಯ ಬರಿಗೈಯಲ್ಲಿ ಬಂದರು. ಮರುದಿನ ತಾಯಿ ನಮ್ಮ ಮನೆಗೆ ಬಂದು, "ಟೀಚರಮ್ಮ, ನಮ್ಮಂತೋರ್ಗೆ ಇದು ಆಗಕಿಲ್ಲ ಅಂತವ್ರೆ ಅವರಪ್ಪ. ಪರೀಕ್ಷೆ ದುಡ್ಡು ಹೋದ್ರೆ ಹೋಗ್ಲಿ, ಬಿಡ್ಸಿಬುಡ್ತೀವಿ" ಎಂದರು. ಹುಡುಗಿ ಬಂದಿರಲಿಲ್ಲ.

ನಾನೇ ಕೊಡಿಸಬಹುದಿತ್ತು. ಕೊಡಿಸಿದ್ದೂ ಉಂಟು ಬೇರೆ ಮಕ್ಕಳಿಗೆ. ಆದರೆ ಆ ಅಪ್ಪ ದಾನ ತೆಗೆದುಕೊಳ್ಳುವ ಪೈಕಿ ಅಲ್ಲ. ಅದೂ ಅಲ್ಲದೆ ಆರು ತಿಂಗಳಿಗೆ ಮತ್ತೆ ಅದೇ ಪ್ರಶ್ನೆ.

ಆಗ ಮೇಷ್ಟ್ರ ಲೆಕ್ಕ ನೆನಪಾಯಿತು. ಪಾಶ್ಚಾತ್ಯರು ಪಿಟೀಲಿನ ಮೊದಲ ತಂತಿಯನ್ನು ಇ ಸ್ವರಕ್ಕೆ, ಎರಡನೆಯದನ್ನು ಎ ಸ್ವರಕ್ಕೆ ಕಟ್ಟುತ್ತಾರೆ. ಅಂಗಡಿಯ ತಂತಿಯೆಲ್ಲ ಆ ಎಳೆತಕ್ಕೆಂದೇ ಮಾಡಿದ್ದು. ನಮ್ಮದು ಪ ಸ ಪ ಸ. ಡಿ ಶ್ರುತಿಗೆ ಕಟ್ಟಿದರೆ ಮೊದಲ ತಂತಿ ಇ ಅಲ್ಲ, ಅದಕ್ಕಿಂತ ಬಹಳ ಕೆಳಗಿನ ಎ. ಕಂಪನದ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು. ತಂತಿಯ ಎಳೆತ ಕಂಪನದ ವರ್ಗಕ್ಕೆ ಅನುಗುಣ. ಇದನ್ನು ಮೆರ್ಸೆನ್ ಎಂಬ ಫ್ರೆಂಚ್ ಪಾದ್ರಿ 1636ರಲ್ಲೇ ಬರೆದಿಟ್ಟಿದ್ದಾನೆ. ಅದಕ್ಕೂ ಮೊದಲು ಗೆಲಿಲಿಯೊನ ತಂದೆ, ವಾದ್ಯಗಾರ ವಿನ್ಚೆಂಝೊ, ತಂತಿಗೆ ಭಾರ ತೂಗುಹಾಕಿ, ಸ್ವರ ಒಂದು ಸ್ಥಾಯಿ ಏರಬೇಕಾದರೆ ಭಾರ ನಾಲ್ಕರಷ್ಟಾಗಬೇಕು ಎಂದು ಕಂಡಿದ್ದ. ಎರಡರ ವರ್ಗ ನಾಲ್ಕು, ಮೂರರ ವರ್ಗ ಒಂಬತ್ತು. ಅಂದರೆ ಇ ತಂತಿಯನ್ನು ನಮ್ಮ ಪಂಚಮಕ್ಕೆ ಇಳಿಸಿದಾಗ ಉಳಿಯುವುದು ಮೂಲ ಎಳೆತದ ಒಂಬತ್ತರಲ್ಲಿ ನಾಲ್ಕು ಪಾಲು, ಅರ್ಧವೂ ಇಲ್ಲ. ದುಬಾರಿ ತಂತಿಯೇ ಆದರೂ ಒಗೆದ ಬಟ್ಟೆ ಹರವಿದ ಹಗ್ಗದ ಹಾಗೆ ಜೋಲುತ್ತದೆ, ಗಮಕ ಹಿಡಿದರೆ ಸ್ವರ ಓಲಾಡುತ್ತದೆ. (ಹೆಣ್ಣುಮಕ್ಕಳು ಹಾಡುವ ಜಿ ಶ್ರುತಿಗೆ ಕಟ್ಟಿದರೆ ಈ ತೊಂದರೆ ಹೆಚ್ಚಿಲ್ಲ. ಕೆಳಗಿನ ಎರಡು ತಂತಿ ತಮ್ಮ ಮೂಲ ಸ್ವರದಲ್ಲೇ ನಿಲ್ಲುತ್ತವೆ. ನಮ್ಮ ಮನೆಯ ಪಾಠವೆಲ್ಲ ಡಿ ಶ್ರುತಿಯಲ್ಲೇ.) ಮೇಷ್ಟ್ರು ತುಸು ದಪ್ಪದ ತಂತಿ ಹಾಕುತ್ತಿದ್ದುದು ಇದಕ್ಕೇ.

ನಮ್ಮ ಆವರಣದಲ್ಲೇ ಪದವಿಪೂರ್ವ ಕಾಲೇಜು ಇದೆ. ಅಲ್ಲಿನ ಭೌತಶಾಸ್ತ್ರದ ಉಪನ್ಯಾಸಕಿಯನ್ನು ಕೇಳಿಕೊಂಡು, ಒಂದು ಶನಿವಾರ ಮಧ್ಯಾಹ್ನ ಸೋನೋಮೀಟರ್ ಇಳಿಸಿದೆವು. ಹುಡುಗಿಯನ್ನೂ ಅವಳ ಅಪ್ಪನನ್ನೂ ಬರಹೇಳಿದ್ದೆ. ಆತ ಚಪ್ಪಲಿ ಹೊರಗೆ ಬಿಟ್ಟು ಬಾಗಿಲ ಹತ್ತಿರವೇ ನಿಂತರು. ಪಿಟೀಲಿನ ಬಿರಡೆಯ ಕಡೆಯ ಮೆಟ್ಟಿಲಿಂದ ಕುದುರೆಯವರೆಗೆ ಮೂವತ್ತೆರಡೂವರೆ ಸೆಂಟಿಮೀಟರು. ಸೋನೋಮೀಟರಿನ ಕುದುರೆಗಳನ್ನು ಅಷ್ಟೇ ದೂರ ಇಟ್ಟು, ಕಾಲು ಮಿಲಿಮೀಟರಿನಷ್ಟು ದಪ್ಪದ ಮಾಮೂಲು ಇ ತಂತಿಗೆ ಭಾರ ಹಾಕುತ್ತಾ ಹೋದೆವು. ಮೂರೂವರೆ ಕಿಲೋ ಹತ್ತಿರಕ್ಕೆ ನಮ್ಮ ಪಂಚಮ ಬಂತು. ಇ ಸ್ವರಕ್ಕೆ ಎಂಟರ ಹತ್ತಿರ ಬೇಕಾಯಿತು. ಆಮೇಲೆ ನನ್ನ ಪೆಟ್ಟಿಗೆಯಲ್ಲಿ ಉಳಿದಿದ್ದ ಮೇಷ್ಟ್ರ ಕಾಲದ ಸುರುಳಿಯ ತಂತಿ ಕಟ್ಟಿದೆವು. ಅದೇ ಪಂಚಮಕ್ಕೆ ಐದು ಕಿಲೋ. ಹುಡುಗಿ ಮೀಟಿ ನೋಡಿ, "ಇದು ಗಟ್ಟಿ ಐತೆ ಮಿಸ್, ಅದು ಅಳ್ತಿತ್ತು" ಎಂದಳು.

"ಎಷ್ಟು ನಂಬರು ಅದು?" ಎಂದು ಬಾಗಿಲ ಕಡೆಯಿಂದ ಕೇಳಿತು.

ಮೂವತ್ತು ಎಂದೆ. ತಂತಿಯ ಗೇಜಿನಲ್ಲಿ ನಂಬರು ಏರಿದಷ್ಟು ತಂತಿ ಸಣ್ಣದಾಗುತ್ತದೆ, ಇದನ್ನು ಮಕ್ಕಳಿಗೆ ಹೇಳಿ ಹೇಳಿ ನನಗೆ ಸಾಕಾಗಿರುತ್ತದೆ. ಆತನಿಗೆ ಹೇಳಬೇಕಾಗಲೇ ಇಲ್ಲ. ಒಳಗೆ ಬಂದು ತಂತಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿದರು. "ಮೂವತ್ತೇ ಇರ್ಬೇಕು, ಅಲ್ಲಲ್ಲಿ ಸವೆದೈತೆ" ಎಂದರು. ದಿನವೂ ಇಪ್ಪತ್ತು ಬಗೆಯ ತಾಮ್ರದ ತಂತಿ ಹಾಯುವ ಬೆರಳು. ಅಂಗಡಿಯ ಗಾಜಿನ ಹಿಂದೆ ರೇಷ್ಮೆ ಬಣ್ಣದ ನೂಲು ಸುತ್ತಿ ಲಕೋಟೆಯಲ್ಲಿಟ್ಟಿದ್ದ ವಸ್ತು ನಂಬರಿನ ತಂತಿ ಎಂದು ಆತನಿಗೆ ಯಾರೂ ಹೇಳಿರಲಿಲ್ಲ. ತಾಮ್ರ ಆಗುವುದಿಲ್ಲ, ಕಟ್ಟುವ ಮೆದು ಕಬ್ಬಿಣವೂ ಆಗುವುದಿಲ್ಲ, ಪಿಯಾನೋ ತಂತಿ ಎನ್ನುವ ಸ್ಪ್ರಿಂಗ್ ಉಕ್ಕೇ ಬೇಕು, ವೀಣೆಯವರ ಹತ್ತಿರ ಸುರುಳಿಯಾಗಿ ಸಿಗುತ್ತದೆ ಎಂದು ಬರೆದುಕೊಟ್ಟೆ. ಕೆಳಗಿನ ಎರಡಕ್ಕೆ ವಿದ್ಯಾರ್ಥಿಗಳಿಗೆಂದೇ ಮಾಡುವ, ಉಕ್ಕಿನ ಒಡಲಿಗೆ ಸುತ್ತು ಹಾಕಿದ ತಂತಿಗಳು ಸಾಕು. ಅಮೆರಿಕದ ಡಿ'ಅಡಾರಿಯೊದವರ ಪ್ರೆಲ್ಯೂಡ್, ಸೂಪರ್-ಸೆನ್ಸಿಟಿವ್‌ನವರ ರೆಡ್ ಲೇಬಲ್ ಅಂಥವು. ಡಿ'ಅಡಾರಿಯೊ ಮನೆತನ ಮೂಲದಲ್ಲಿ ಅದೇ ಸಾಲೆ ಊರಿನ ಕರುಳಿನ ತಂತಿಯವರು, ಇಪ್ಪತ್ತನೇ ಶತಮಾನದ ಮೊದಲಲ್ಲಿ ನ್ಯೂಯಾರ್ಕಿಗೆ ಹೋದವರು. ನಾಜೂಕು ದನಿ ಬಯಸಬಾರದು. ಶ್ರುತಿ ನಿಲ್ಲುತ್ತದೆ, ಬೇಗ ಹಾಳಾಗುವುದಿಲ್ಲ. ಕಲಿಯುವವರಿಗೆ ದನಿಯ ಸೊಗಸಿಗಿಂತ ನಿಲ್ಲುವ ಶ್ರುತಿ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಕಿವಿ ಕೆಡುವುದು ಅಗ್ಗದ ತಂತಿಯಿಂದಲ್ಲ, ಜಾರುವ ತಂತಿಯಿಂದ.

ಮುಂದಿನ ವಾರ ಆತ ಸುರುಳಿಯ ಜೊತೆ ಅಂಗಡಿಯಿಂದ ಗೇಜಿನ ಬಿಲ್ಲೆಯನ್ನೂ ತಂದಿದ್ದರು. ಚೀಟಿಯಲ್ಲಿ ಮೂವತ್ತು ಎಂದಿದ್ದ ತಂತಿ ಮೂವತ್ತೊಂದರ ಸೀಳಿಗೇ ಸಲೀಸಾಗಿ ಇಳಿಯಿತು. "ನೋಡಿ ಮೇಡಮ್ನೋರೆ, ಚೀಟಿ ನಂಬಂಗಿಲ್ಲ" ಎಂದು ಹಿಂದಿರುಗಿಸಿ ಬೇರೆ ತಂದರು. ಕುಣಿಕೆ ತಿರುಚುವುದನ್ನು ತೋರಿಸಹೋದೆ. ನನ್ನ ಮೊಳೆಯನ್ನು ಪಕ್ಕಕ್ಕಿಟ್ಟು ಇಕ್ಕಳದಲ್ಲಿ ಎರಡೇ ಸುತ್ತಿಗೆ ಮುಗಿಸಿದರು, ಮೇಷ್ಟ್ರದ್ದಕ್ಕಿಂತ ಅಚ್ಚುಕಟ್ಟು. ನಾನು ಹೇಳಿದ್ದು ಎರಡೇ: ನಾಲ್ಕೂ ತಂತಿಯನ್ನು ಒಟ್ಟಿಗೆ ಬಿಚ್ಚಬೇಡಿ, ಬಿಚ್ಚಿದರೆ ಕುದುರೆ ಬೀಳುತ್ತದೆ, ಒಳಗಿನ ಕಡ್ಡಿಯೂ ಬಿದ್ದೀತು. ಮತ್ತೆ ಹೊಸ ತಂತಿ ಕೂರಿಸುವ ಮುಂಚೆ ಮೆಟ್ಟಿಲಿನ, ಕುದುರೆಯ ಗೀರುಗಳಲ್ಲಿ ಪೆನ್ಸಿಲ್ ಆಡಿಸಿ, ಸೀಸದ ನುಣುಪಿಗೆ ತಂತಿ ಸಲೀಸಾಗಿ ಜಾರುತ್ತದೆ.

ಹುಡುಗಿ ಬಿರಡೆ ತಿರುಗಿಸುತ್ತಾ ಪಂಚಮಕ್ಕೆ ಏರಿಸುತ್ತಿದ್ದಳು. ಆತ ಸುರುಳಿಯಲ್ಲಿ ಉಳಿದ ತಂತಿಯನ್ನು ಮೊಳ ಹಾಕಿ ಎಣಿಸಿ, ಮತ್ತೆ ಕಾಗದದಲ್ಲಿ ಸುತ್ತಿಟ್ಟರು.

"ಎರಡನೇದುಕ್ಕೆ ಎಷ್ಟು ಮೇಡಂ?"

"ಇಪ್ಪತ್ತೇಳು."

"ಇಪ್ಪತ್ತಾರು ಹಾಕುದ್ರೆ?"

ಭಾರ ಸರಿಹೋಗುತ್ತದೆ, ಬೆರಳಿಗೆ ಬಿರುಸಾದೀತು ಎಂದೆ. ಎರಡನ್ನೂ ತಂದು ನೋಡೋಣ ಎಂದರು.